ಶಾಖಕ್ಕೆ ಅಡ್ಡ ನಿಲ್ಲುವುದು ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಬಂತೆಂದರೆ ಸಾಕು, ನನಗೆ ಬರುವ ಫೋನುಗಳ ವಿಷಯವೇ ಬದಲಾಗುತ್ತದೆ. ದಾವಣಗೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಹಳೆಯ ವಿದ್ಯಾರ್ಥಿಗಳು, ನೆಂಟರು, ಮನೆ ಕಟ್ಟಿಸುತ್ತಿರುವ ಅಕ್ಕಪಕ್ಕದವರು ಎಲ್ಲರೂ ಕೇಳುವುದು ಬಿಸಿಯ ಬಗ್ಗೆಯೇ. ತಾರಸಿಗೆ ಏನು ಹಾಕಿಸಬೇಕು, ಲ್ಯಾಪ್‌ಟಾಪ್ ಯಾಕೆ ಇಷ್ಟು ಕಾಯುತ್ತದೆ, ಗೀಸರ್ ಕಾಯಿಲ್ ಯಾಕೆ ಪದೇ ಪದೇ ಸುಟ್ಟುಹೋಗುತ್ತದೆ. ಕೇಳಲು ಬೇರೆ ಬೇರೆ ಅನಿಸಿದರೂ ಇವೆಲ್ಲದರ ಬೇರು ಒಂದೇ: ಶಾಖ ಹರಿಯುವ ದಾರಿಯಲ್ಲಿ ಎಲ್ಲಿ ಹೆಚ್ಚು ತಡೆ ಇದೆ ಅನ್ನುವುದನ್ನು ಹುಡುಕಬೇಕು. ಎಷ್ಟೋ ಸಲ ಆ ತಡೆ ವಸ್ತುವಿನ ಒಳಗೆ ಇರುವುದೇ ಇಲ್ಲ, ಎರಡು ವಸ್ತುಗಳು ಕೂಡುವ ಕಡೆ ಅಡಗಿರುತ್ತದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಉಷ್ಣರೋಧ ಅಂದರೆ ಏನು?

ಬಿಸಿ ಇರುವ ಕಡೆಯಿಂದ ತಂಪಿರುವ ಕಡೆಗೆ ಶಾಖ ಹರಿಯುತ್ತದೆ. ಒಂದು ವ್ಯಾಟಿನಷ್ಟು ಶಾಖ ಆಚೆ ದಾಟಬೇಕಾದರೆ ಎರಡು ಬದಿಗಳ ನಡುವೆ ಎಷ್ಟು ಡಿಗ್ರಿ ವ್ಯತ್ಯಾಸ ಇರಬೇಕು? ಅದೇ ಉಷ್ಣರೋಧ. 5 ಡಿಗ್ರಿ ಬೇಕಾದರೆ ರೋಧ ವ್ಯಾಟಿಗೆ 5 ಡಿಗ್ರಿ. ಪದರ ಎರಡು ಪಟ್ಟು ದಪ್ಪವಾದರೆ ರೋಧವೂ ಎರಡು ಪಟ್ಟು. ವಿಸ್ತೀರ್ಣ ಎರಡು ಪಟ್ಟಾದರೆ ರೋಧ ಅರ್ಧ. ಒಂದರ ಹಿಂದೆ ಒಂದು ಪದರವಿದ್ದರೆ ರೋಧಗಳನ್ನು ಕೂಡುತ್ತಾ ಹೋಗಿ.

ಕರೆಂಟಿನ ಲೆಕ್ಕ ಬಲ್ಲವರಿಗೆ ಇದು ಕೂಡಲೇ ಹೊಳೆಯುತ್ತದೆ. ವೋಲ್ಟೇಜ್ ಇದ್ದ ಜಾಗದಲ್ಲಿ ಉಷ್ಣಾಂಶದ ವ್ಯತ್ಯಾಸ, ಆಂಪಿಯರ್ ಇದ್ದ ಜಾಗದಲ್ಲಿ ವ್ಯಾಟ್. ನಾವು ತರಗತಿಯಲ್ಲಿ ಓಮ್‌ನ ನಿಯಮ ಹೇಳಿಕೊಟ್ಟು, ‘ಶಾಖವೂ ಹೀಗೆಯೇ’ ಅನ್ನುತ್ತೇವೆ. ನಡೆದದ್ದು ಹಿಂದುಮುಂದು. ಫ್ರಾನ್ಸಿನ ಜೋಸೆಫ್ ಫೋರಿಯೆ ಶಾಖದ ಹರಿವಿನ ಗ್ರಂಥ ಪ್ರಕಟಿಸಿದ್ದು 1822ರಲ್ಲಿ, ಓಮ್ ತನ್ನ ನಿಯಮ ಪ್ರಕಟಿಸಿದ್ದು 1827ರಲ್ಲಿ. ಶಾಖದ ದಾರಿ ನೋಡಿಯೇ ಓಮ್ ವಿದ್ಯುತ್ತಿನ ದಾರಿ ಕಂಡುಕೊಂಡ.

ಯಾವ ವಸ್ತು ಎಷ್ಟು ಶಾಖ ಬಿಡುತ್ತದೆ?

ಒಂದು ಮೀಟರ್ ದಪ್ಪ, ಒಂದು ಚದರ ಮೀಟರ್ ಅಗಲ, ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಎಷ್ಟು ವ್ಯಾಟ್ ದಾಟುತ್ತದೆ ಅನ್ನುವುದು ಉಷ್ಣವಾಹಕತೆ. ತಾಮ್ರಕ್ಕೆ ಇದು ಸುಮಾರು 400, ಅಲ್ಯೂಮಿನಿಯಂಗೆ 200ಕ್ಕಿಂತ ಮೇಲೆ, ಕಬ್ಬಿಣ 50ರಿಂದ 80. ಅಡುಗೆಮನೆಯ ಸ್ಟೇನ್‌ಲೆಸ್ ಸ್ಟೀಲ್ ಬರೀ 15. ಸ್ಟೀಲ್ ಪಾತ್ರೆಯಲ್ಲಿ ಪಾಯಸ ಉರಿಯ ಮೇಲಿದ್ದ ಕಡೆ ಮಾತ್ರ ತಳ ಹಿಡಿಯುವುದು ಇದಕ್ಕೇ. ಶಾಖ ಪಕ್ಕಕ್ಕೆ ಹರಡುವುದಿಲ್ಲ. ತಳಕ್ಕೆ ತಾಮ್ರ ಅಥವಾ ಅಲ್ಯೂಮಿನಿಯಂ ಪದರ ಕೊಡುವುದು ಅದಕ್ಕಾಗಿ.

ಇನ್ನು ಕೆಳಗೆ ಬಂದರೆ ಗ್ರಾನೈಟ್ ಸುಮಾರು 3, ಕಾಂಕ್ರೀಟ್ 1.5, ಇಟ್ಟಿಗೆ 0.7, ನೀರು 0.6, ಒಣ ಮರ 0.15ರ ಆಸುಪಾಸು, ಥರ್ಮೋಕೋಲ್ 0.035. ಅಲ್ಲಾಡದೆ ನಿಂತ ಗಾಳಿ 0.026. ಈ ಕೊನೆಯ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದಿನ ಉತ್ತರಗಳಲ್ಲೆಲ್ಲ ಅದು ಒಂದಲ್ಲ ಒಂದು ರೂಪದಲ್ಲಿ ಬರುತ್ತದೆ.

ಆರ್‌ಸಿಸಿ ಮನೆ ಕಟ್ಟಿಸಿದ್ದೇವೆ. ಮಧ್ಯಾಹ್ನ ಮೇಲಿನ ಕೋಣೆಯಲ್ಲಿ ಕೂರಲು ಆಗುವುದಿಲ್ಲ. ಏನು ಮಾಡಬೇಕು?

ಮೊದಲು ಲೆಕ್ಕ ಮಾಡೋಣ. 5 ಇಂಚಿನ ಸ್ಲ್ಯಾಬ್ ಅಂದರೆ 125 ಮಿಲಿಮೀಟರ್. ದಪ್ಪವನ್ನು ಮೀಟರಿನಲ್ಲಿ ಬರೆದು (0.125) ಕಾಂಕ್ರೀಟಿನ ವಾಹಕತೆ 1.5ರಿಂದ ಭಾಗಿಸಿದರೆ ಒಂದು ಚದರ ಮೀಟರಿಗೆ ಅದರ ರೋಧ 0.083. ಸ್ಲ್ಯಾಬಿನ ಕೆಳಗೆ ಅಂಟಿಕೊಂಡಂತೆ ಗಾಳಿಯ ಒಂದು ತೆಳು ಪದರ ಇರುತ್ತದೆ. ಬಿಸಿ ಮೇಲಿನಿಂದ ಕೆಳಗೆ ಬರುವಾಗ ಆ ಗಾಳಿ ಕದಲುವುದಿಲ್ಲ, ಅದರ ರೋಧ ಸುಮಾರು 0.16. ಗಮನಿಸಿದಿರಾ? ಕಣ್ಣಿಗೆ ಕಾಣದ ಗಾಳಿಯ ಪದರ 5 ಇಂಚಿನ ಕಾಂಕ್ರೀಟಿಗಿಂತ ಹೆಚ್ಚು ತಡೆಯುತ್ತಿದೆ.

ಏಪ್ರಿಲ್ ಬಿಸಿಲಿಗೆ ಸ್ಲ್ಯಾಬಿನ ಮೇಲ್ಮೈ 60 ಡಿಗ್ರಿ, ಕೋಣೆ 32 ಡಿಗ್ರಿ ಅಂತ ಇಟ್ಟುಕೊಳ್ಳಿ. ಒಟ್ಟು ರೋಧ 0.243, ವ್ಯತ್ಯಾಸ 28. ಭಾಗಿಸಿದರೆ ಚದರ ಮೀಟರಿಗೆ 115 ವ್ಯಾಟ್. 10 ಅಡಿಗೆ 12 ಅಡಿಯ ಕೋಣೆಗೆ ಇದು 1,280 ವ್ಯಾಟ್ ಆಗುತ್ತದೆ. ಅಂದರೆ ನಿಮ್ಮ ತಲೆಯ ಮೇಲೆ ಒಂದು ಇಸ್ತ್ರಿ ಪೆಟ್ಟಿಗೆಯನ್ನು ಇಡೀ ಮಧ್ಯಾಹ್ನ ಆನ್ ಮಾಡಿಟ್ಟ ಹಾಗೆ.

ಈಗ ಸ್ಲ್ಯಾಬಿನ ಮೇಲೆ 50 ಮಿಲಿಮೀಟರ್ ಥರ್ಮೋಕೋಲ್ ಜಾತಿಯ ಹಲಗೆ ಹಾಸಿ. ಅದರ ರೋಧ ಒಂದಕ್ಕೇ 1.43. ಅದರ ಮೇಲ್ಮೈ ಅಷ್ಟೇ ಕಾದರೂ ಕೋಣೆಗೆ ಇಳಿಯುವುದು 190 ವ್ಯಾಟಿಗಿಂತ ಕಡಿಮೆ, ಏಳನೆಯ ಒಂದು ಭಾಗದ ಹತ್ತಿರ. ಹಗಲಲ್ಲಿ ಬಿಸಿಲು ಏರಿಳಿಯುವುದರಿಂದ ನಿಜವಾದ ಲೆಕ್ಕ ಇಷ್ಟು ಸಲೀಸಲ್ಲ. ಆದರೆ ಅಂದಾಜು ಸುಳ್ಳಾಗುವುದಿಲ್ಲ.

ಇದಕ್ಕೂ ಮೊದಲು, ಇದಕ್ಕಿಂತ ಅಗ್ಗದಲ್ಲಿ ಆಗುವ ಕೆಲಸ ಒಂದಿದೆ: ತಾರಸಿಗೆ ಬಿಳಿ ಸುಣ್ಣ ಅಥವಾ ಬಿಳಿ ಪೇಂಟ್. ಅದು ಶಾಖವನ್ನು ತಡೆಯುವುದಲ್ಲ, ಬಿಸಿಲನ್ನು ಹಿಂದಕ್ಕೆ ಕಳಿಸುವುದು. ಮೇಲ್ಮೈ 60 ಡಿಗ್ರಿ ಮುಟ್ಟದೇ ಹೋದರೆ ಒಳಗೆ ಬರುವುದೂ ಅಷ್ಟು ಕಡಿಮೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದವರಿಗೆ ನಾನು ಮೊದಲು ಹೇಳುವುದು ಸುಣ್ಣವನ್ನೇ.

ಥರ್ಮೋಕೋಲ್ ಬದಲು ಇನ್ನೊಂದೆರಡು ಇಂಚು ಕಾಂಕ್ರೀಟ್ ಹಾಕಿಸಿದರೆ ಆಗುವುದಿಲ್ಲವೇ?

ಆಗುವುದಿಲ್ಲ. 50 ಮಿಲಿಮೀಟರ್ ಥರ್ಮೋಕೋಲ್ ತಡೆಯುವಷ್ಟು ತಡೆಯಲು 2 ಮೀಟರಿಗಿಂತ ದಪ್ಪದ ಕಾಂಕ್ರೀಟ್ ಬೇಕು.

ಹಾಸಿದ ಮೇಲೆ ನೀರು ಇಳಿದರೆ?

ಹಾಕಿಸಿದ ದುಡ್ಡು ನೀರಿಗೆ ಹೋದಂತೆಯೇ. ಥರ್ಮೋಕೋಲ್, ಗಾಜಿನ ಉಣ್ಣೆ, ಹೊಟ್ಟು ಯಾವುದೇ ಆಗಲಿ, ತಡೆಯುವುದು ಅದರೊಳಗೆ ಸಿಕ್ಕಿಬಿದ್ದ ಗಾಳಿ. ನೀರಿನ ವಾಹಕತೆ ಗಾಳಿಯದರ 23 ಪಟ್ಟು. ಗಾಳಿಯ ಜಾಗದಲ್ಲಿ ನೀರು ನಿಂತರೆ ಉಳಿಯುವುದು ಒದ್ದೆ ಹಲಗೆ ಮಾತ್ರ. ಅದಕ್ಕೇ ನೀರು ಹೀರದ, ಒತ್ತಿ ತಯಾರಿಸಿದ ಗಟ್ಟಿ ಹಲಗೆ ತೆಗೆದುಕೊಳ್ಳಿ. ಪ್ಯಾಕಿಂಗಿಗೆ ಬರುವ ಮಣಿಮಣಿ ಥರ್ಮೋಕೋಲ್ ಬೇಡ, ಕಾಲಿಟ್ಟರೆ ಅಪ್ಪಚ್ಚಿಯಾಗುತ್ತದೆ. ವಾಟರ್‌ಪ್ರೂಫಿಂಗ್ ಕೆಲಸ ಸರಿಯಾಗಿ ಮುಗಿಯದೆ ಇದಕ್ಕೆ ಕೈ ಹಾಕಬೇಡಿ.

ನಮ್ಮ ಅಜ್ಜನ ಮಾಳಿಗೆ ಮನೆ ಯಾವ ಥರ್ಮೋಕೋಲೂ ಇಲ್ಲದೆ ತಂಪಾಗಿರುತ್ತಿತ್ತಲ್ಲ?

ಈ ಪ್ರಶ್ನೆ ನನಗೆ ಬಹಳ ಇಷ್ಟ. ಚಿತ್ರದುರ್ಗ ಸೀಮೆಯ ಮಾಳಿಗೆ ಮನೆಗಳಲ್ಲಿ ಮರದ ತೊಲೆ, ಜಂತೆ, ಅದರ ಮೇಲೆ ದಪ್ಪನೆ ಮಣ್ಣು, ಮೇಲೆ ನೀರು ಇಳಿಯದ ಕರಲು ಮಣ್ಣು. ನಾನು ಹುಟ್ಟಿದ್ದು ಅಂಥ ಮನೆಯಲ್ಲಿ. ಬೇಸಿಗೆಯ ಮಧ್ಯಾಹ್ನ ಹೊರಗಿನಿಂದ ಬಂದು ನಡುಮನೆಯ ನೆಲಕ್ಕೆ ಬೆನ್ನು ಹಚ್ಚಿದರೆ ಬರುತ್ತಿದ್ದ ತಂಪು ಇನ್ನೂ ನೆನಪಿದೆ.

ಅಲ್ಲಿ ಕೆಲಸ ಮಾಡುವುದು ರೋಧ ಒಂದೇ ಅಲ್ಲ. ಮಣ್ಣು ಕಾಂಕ್ರೀಟಿಗಿಂತ ಸ್ವಲ್ಪ ಹೆಚ್ಚು ತಡೆಯುತ್ತದೆ, ನಿಜ. ಅದಕ್ಕಿಂತ ದೊಡ್ಡದು ಅದರ ತೂಕ. ಅಷ್ಟು ಮಣ್ಣು ಕಾಯಲು ಹೊತ್ತು ಹಿಡಿಯುತ್ತದೆ. ಮಧ್ಯಾಹ್ನದ ಬಿಸಿ ಒಳಬದಿಗೆ ಮುಟ್ಟುವ ಹೊತ್ತಿಗೆ ಹೊರಗೆ ರಾತ್ರಿಯಾಗಿ ತಂಪಾಗಿರುತ್ತದೆ, ಬಂದ ದಾರಿಯಲ್ಲೇ ಬಹುಪಾಲು ಬಿಸಿ ವಾಪಸ್ ಹೋಗುತ್ತದೆ. ತಡೆಯುವುದು ಬೇರೆ, ಹಿಡಿದಿಟ್ಟುಕೊಳ್ಳುವುದು ಬೇರೆ. ಥರ್ಮೋಕೋಲ್ ತಡೆಯುತ್ತದೆ, ಹಿಡಿದಿಡುವುದಿಲ್ಲ. ಮಣ್ಣು ಎರಡನ್ನೂ ಒಂದಿಷ್ಟು ಮಾಡುತ್ತದೆ.

ಇದನ್ನು ಮೈಯಲ್ಲೇ ಅನುಭವಿಸಬೇಕಾದರೆ ಚಿತ್ರದುರ್ಗದ ಚಂದ್ರವಳ್ಳಿಗೆ ಹೋಗಿ ಅಂಕಲಿ ಮಠದ ಗುಹೆಗೆ ಇಳಿಯಿರಿ. ಬಂಡೆಗಲ್ಲು ಒಳ್ಳೆಯ ಅವಾಹಕವೇನಲ್ಲ. ಆದರೂ ಒಂದು ದಿನದ ಬಿಸಿಲಿನ ಏರಿಳಿತ ಬಂಡೆಯೊಳಗೆ ಎರಡು ಅಡಿ ಇಳಿಯುವಷ್ಟರಲ್ಲಿ ನೂರಕ್ಕೆ ನಾಲ್ಕೈದರಷ್ಟು ಮಾತ್ರ ಉಳಿದಿರುತ್ತದೆ.

ಶೀಟ್ ಮನೆಯವರು ಏನು ಮಾಡಬೇಕು?

ಅರ್ಧ ಮಿಲಿಮೀಟರ್ ತಗಡಿಗೆ ರೋಧ ಅನ್ನುವುದೇ ಇಲ್ಲ ಅನ್ನಬಹುದು. ಬಿಸಿಲಿಗೆ ಕಾದ ತಗಡು ಕೆಳಗಿರುವವರ ಮೇಲೆ ನೇರವಾಗಿ ಶಾಖ ಸೂಸುತ್ತದೆ, ನಡುವಿನ ಗಾಳಿ ಬಿಸಿಯಾಗಲಿ ಬಿಡಲಿ. ತೆಂಗಿನ ಗರಿ, ಜೋಳದ ದಂಟು ಹೊದಿಸುವುದನ್ನು ಹಳ್ಳಿಯವರು ಮೊದಲಿಂದಲೂ ಮಾಡುತ್ತಾರೆ, ಅದು ಸರಿಯಾದ ವಿಜ್ಞಾನ. ಬೆಂಕಿಯ ಭಯ ಇರುವ ಕಡೆ ಮಾತ್ರ ಬೇಡ. ಒಳಗಿನಿಂದ ಒಂದು ಅಡಿ ಬಿಟ್ಟು ಸೀಲಿಂಗ್ ಕಟ್ಟಿ, ನಡುವಿನ ಗಾಳಿ ಎರಡೂ ಬದಿಗೆ ಆಡಲು ದಾರಿ ಬಿಟ್ಟರೆ ತಗಡಿನ ಸೂಸುವಿಕೆಗೆ ಮರೆಯಾಗುತ್ತದೆ. ಮೇಲೆ ಬಿಳಿ ಪೇಂಟ್ ಹೊಡೆಸುವುದಂತೂ ಇದ್ದೇ ಇದೆ.

ಎರಡು ಲೋಹಗಳನ್ನು ಸ್ಕ್ರೂ ಹಾಕಿ ಬಿಗಿಯಾಗಿ ಒತ್ತಿದರೂ ನಡುವೆ ತಡೆ ಯಾಕೆ ಇರುತ್ತದೆ?

ಡಿಗ್ರಿ ಓದುವಾಗ ಕೈಖರ್ಚಿಗೆ ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದೆ. ಹಿರಿಯೂರು ಕಡೆಯ ಒಂದು ಹಳ್ಳಿಯ ಜಾತ್ರೆಗೆ ಹೋಗಬೇಕಿದ್ದ ಸೆಟ್ಟಿನಲ್ಲಿ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿತ್ತು. ಹೊಸದೊಂದು 2ಎನ್3055 ಟ್ರಾನ್ಸಿಸ್ಟರ್ ತಂದು, ಅದಕ್ಕೂ ಹೀಟ್ ಸಿಂಕಿಗೂ (ಶಾಖವನ್ನು ಗಾಳಿಗೆ ಬಿಡುವ ಲೋಹದ ತುಂಡು) ನಡುವೆ ಕರೆಂಟ್ ದಾಟದಂತೆ ತೆಳು ಮೈಕಾ ವಾಷರ್ ಇಟ್ಟು, ಸ್ಕ್ರೂ ಬಿಗಿದೆ. ಸಂದಿ ತುಂಬಲು ಹಚ್ಚುವ ಬಿಳಿ ಥರ್ಮಲ್ ಪೇಸ್ಟಿನ ಟ್ಯೂಬ್ ಖಾಲಿಯಾಗಿತ್ತು. ‘ಇಷ್ಟು ಬಿಗಿಯಾಗಿದೆ, ಸಾಕು’ ಅಂದುಕೊಂಡೆ. ರಾತ್ರಿ ನಾಟಕ ಶುರುವಾಗಿ ಅರ್ಧ ಗಂಟೆಗೆ ಮೈಕು ನಿಂತಿತು. ಸ್ವಿಚ್ ಆಫ್ ಮಾಡಿ ಹೀಟ್ ಸಿಂಕ್ ಮುಟ್ಟಿ ನೋಡಿದೆ, ಎಂದಿನಷ್ಟೇ ಬೆಚ್ಚಗಿತ್ತು. ಟ್ರಾನ್ಸಿಸ್ಟರಿನ ತಲೆ ಮುಟ್ಟಿದೆ, ಬೆರಳು ಚುರ್ ಅಂದಿತು.

ಆ ಎರಡು ಸ್ಪರ್ಶಗಳ ನಡುವೆ ಇಡೀ ವಿಷಯ ಇದೆ. ಹರಿಯುವ ಶಾಖ ಅಷ್ಟೇ ಆದ್ದರಿಂದ ಹೀಟ್ ಸಿಂಕ್ ಎಂದಿನಷ್ಟೇ ಕಾಯುತ್ತದೆ. ಸಂದಿಯಲ್ಲಿ ತಡೆ ಹೆಚ್ಚಾಗಿದ್ದರಿಂದ ಅಷ್ಟೇ ಶಾಖ ದಾಟಿಸಲು ಟ್ರಾನ್ಸಿಸ್ಟರ್ ಇನ್ನಷ್ಟು ಬಿಸಿಯಾಗಬೇಕು. ಹೊರಗಿನಿಂದ ಮುಟ್ಟಿ ನೋಡುವವನಿಗೆ ಸುಳಿವೇ ಸಿಗುವುದಿಲ್ಲ. ಪೇಸ್ಟ್ ಇಲ್ಲದ ಒಣ ಮೈಕಾ, ಪೇಸ್ಟ್ ಹಚ್ಚಿದ್ದಕ್ಕಿಂತ ಎರಡು ಮೂರು ಪಟ್ಟು ತಡೆ ಒಡ್ಡುತ್ತದೆ.

ಕಾರಣ ಇಷ್ಟು. ಕೈಗೆ ನುಣುಪು ಅನಿಸುವ ಲೋಹವೂ ಸೂಕ್ಷ್ಮದರ್ಶಕದಲ್ಲಿ ಗುಡ್ಡಗಾಡು. ಎರಡು ಗುಡ್ಡಗಾಡುಗಳನ್ನು ಮುಖಕ್ಕೆ ಮುಖ ಇಟ್ಟರೆ ತಾಗುವುದು ತುದಿಗಳು ಮಾತ್ರ. ನಿಜವಾಗಿ ಲೋಹಕ್ಕೆ ಲೋಹ ಮುಟ್ಟುವ ಜಾಗ ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಭಾಗ. ಉಳಿದದ್ದೆಲ್ಲ ಗಾಳಿ, ಅದೇ 0.026ರ ಗಾಳಿ. ಶಾಖವೆಲ್ಲ ಆ ತುದಿಗಳ ಕಡೆಗೆ ನುಗ್ಗಿ, ಕಿರಿದಾಗಿ, ದಾಟಿ, ಮತ್ತೆ ಹರಡಿಕೊಳ್ಳಬೇಕು. ಹೆಚ್ಚು ಒತ್ತಿದರೆ ತುದಿಗಳು ಚಪ್ಪಟೆಯಾಗಿ ಜಾಗ ಹೆಚ್ಚುತ್ತದೆ. ಮೆತ್ತನೆಯ ಲೋಹವಾದರೆ ಇನ್ನೂ ಒಳ್ಳೆಯದು. ಆದರೆ ಬಿಗಿತ ಒಂದರಿಂದಲೇ ಗಾಳಿ ಪೂರ್ತಿ ಹೋಗುವುದಿಲ್ಲ.

ಲ್ಯಾಪ್‌ಟಾಪಿಗೆ ಥರ್ಮಲ್ ಪೇಸ್ಟ್ ಎಷ್ಟು ಹಚ್ಚಬೇಕು? ಹೆಚ್ಚು ಹಚ್ಚಿದರೆ ಹೆಚ್ಚು ತಂಪಲ್ಲವೇ?

ಹೆಚ್ಚಿನವರು ತಪ್ಪುವುದು ಇಲ್ಲೇ. ಪೇಸ್ಟ್ ಲೋಹಕ್ಕಿಂತ ಒಳ್ಳೆಯ ವಾಹಕ ಅಲ್ಲ. ಒಳ್ಳೆಯ ಪೇಸ್ಟಿನ ವಾಹಕತೆ 4ರ ಆಸುಪಾಸು, ತಾಮ್ರದ್ದು 400. ಪೇಸ್ಟ್ ಗೆಲ್ಲುವುದು ಗಾಳಿಯ ಮುಂದೆ ಮಾತ್ರ. ಆದ್ದರಿಂದ ಗಾಳಿ ಇದ್ದ ಸಂದಿ ತುಂಬುವಷ್ಟು ಇರಬೇಕು, ಅದಕ್ಕಿಂತ ಒಂದು ಕೂದಲೆಳೆಯೂ ಬೇಡ.

ಒಂದೂವರೆ ಚದರ ಸೆಂಟಿಮೀಟರ್ ಚಿಪ್, 30 ವ್ಯಾಟ್ ಶಾಖ ಇಟ್ಟುಕೊಳ್ಳಿ. ಪೇಸ್ಟ್ 0.05 ಮಿಲಿಮೀಟರ್ ಇದ್ದರೆ ಅದನ್ನು ದಾಟಲು ಎರಡೂವರೆ ಡಿಗ್ರಿ ಸಾಕು. ಅರ್ಧ ಮಿಲಿಮೀಟರ್ ಬಳಿದರೆ 25 ಡಿಗ್ರಿ. ಅದೇ 0.05 ಮಿಲಿಮೀಟರ್ ಜಾಗದಲ್ಲಿ ಪೂರ್ತಿ ಗಾಳಿಯೇ ಇದ್ದರೆ ಲೆಕ್ಕ 380 ಡಿಗ್ರಿ ದಾಟುತ್ತದೆ, ಅಷ್ಟು ದೂರ ಹೋಗುವ ಮೊದಲೇ ಲ್ಯಾಪ್‌ಟಾಪ್ ತನ್ನಷ್ಟಕ್ಕೆ ಆಫ್ ಆಗುತ್ತದೆ. ಹಳೆಯ ಪೇಸ್ಟನ್ನು ಒರೆಸಿ, ನಡುವೆ ಬಟಾಣಿಗಿಂತ ಚಿಕ್ಕ ಹನಿ ಇಟ್ಟು, ಮೇಲಿನಿಂದ ಸಮನಾಗಿ ಒತ್ತಿ. ಟೂತ್‌ಪೇಸ್ಟ್ ಹಚ್ಚುವವರೂ ಇದ್ದಾರೆ. ಮೊದಲ ದಿನ ಕೆಲಸ ಮಾಡುತ್ತದೆ, ನೀರು ಆರಿ ಬಿರುಕು ಬಿಟ್ಟ ಮೇಲೆ ಗಾಳಿ ಮತ್ತೆ ಬಂದು ಸೇರುತ್ತದೆ.

ಮಂಡಕ್ಕಿ ಭಟ್ಟಿಯಲ್ಲಿ ಮರಳನ್ನೇ ಯಾಕೆ ಬಳಸುತ್ತಾರೆ? ಒಂದು ಕ್ಷಣವೂ ಕೈ ನಿಲ್ಲಿಸುವುದಿಲ್ಲ, ಅದು ಯಾಕೆ?

ನಮ್ಮ ಊರಿನವರು ಇದನ್ನು ಕೇಳಿದಾಗ ನನಗೆ ಖುಷಿಯಾಗುತ್ತದೆ, ಏಕೆಂದರೆ ವಸ್ತುವಿನ ಒಳಗಿನ ತಡೆ ಮತ್ತು ಕೂಡುವಲ್ಲಿನ ತಡೆ ಎರಡೂ ಒಂದೇ ಬಾಣಲೆಯಲ್ಲಿ ಸಿಗುತ್ತವೆ. ಮರಳಿನ ಒಂದು ಕಾಳು ಕಲ್ಲಿನ ಚೂರು, ಶಾಖವನ್ನು ಚೆನ್ನಾಗಿ ಬಿಡುತ್ತದೆ. ಮರಳಿನ ರಾಶಿ ಹಾಗಲ್ಲ. ಒಣ ರಾಶಿಯ ವಾಹಕತೆ 0.25ರ ಸುತ್ತಮುತ್ತ, ಹತ್ತಿರಹತ್ತಿರ ಮರಕ್ಕೆ ಸಮ. ಕಾಳಿಗೆ ಕಾಳು ಒಂದು ಚುಕ್ಕೆಯಲ್ಲಿ ಮಾತ್ರ ತಾಗುತ್ತದೆ, ಉಳಿದ ಜಾಗವೆಲ್ಲ ಗಾಳಿ. ಅದೇ ಮರಳಿಗೆ ನೀರು ಹಾಕಿ ನೋಡಿ, ವಾಹಕತೆ 2ರ ಹತ್ತಿರ ಏರುತ್ತದೆ. ಕಾಳುಗಳು ಅವೇ, ಬದಲಾದದ್ದು ನಡುವೆ ಇರುವುದು.

ಭಟ್ಟಿಯವರು ಮಾಡುವುದೇನು? ಕಾದ ಮರಳಿಗೆ ಅಕ್ಕಿ ಹಾಕುತ್ತಾರೆ. ಪ್ರತಿ ಅಕ್ಕಿಯ ಸುತ್ತಲೂ ಬಿಸಿ ಕಾಳುಗಳು ಮುತ್ತಿಕೊಳ್ಳುತ್ತವೆ. ನಡುವಿನ ಸಂದಿ ಎಷ್ಟು ಕಿರಿದು ಅಂದರೆ ಬರೀ ಬಿಸಿ ಗಾಳಿಗಿಂತ ಎಷ್ಟೋ ಬೇಗ ಶಾಖ ಅಕ್ಕಿಗೆ ಸಿಗುತ್ತದೆ. ಒಳಗಿನ ತೇವ ಆವಿಯಾಗಿ ಅಕ್ಕಿ ಪಟಪಟನೆ ಅರಳುತ್ತದೆ. ಆದರೆ ಅಕ್ಕಿಗೆ ಅಂಟಿದ ಕಾಳುಗಳು ಆ ಕ್ಷಣವೇ ತಣಿಯುತ್ತವೆ. ಪಕ್ಕದ ಕಾಳಿನಿಂದ ಮತ್ತೆ ಶಾಖ ಬರಬೇಕೆಂದರೆ ಆ ಚುಕ್ಕೆಗಳನ್ನು ದಾಟಿ ಬರಬೇಕು, ತಡವಾಗುತ್ತದೆ. ಕೈಯಾಡಿಸಿದರೆ ತಣಿದ ಕಾಳು ಆಚೆ ಹೋಗಿ ಕಾದ ಕಾಳು ಆ ಜಾಗಕ್ಕೆ ಬರುತ್ತದೆ. ಶಾಖ ದಾಟಲಾರದ ಕಡೆ ಮನುಷ್ಯನ ಕೈ ಅದನ್ನು ಹೊತ್ತು ದಾಟಿಸುತ್ತಿದೆ. ಆ ಉರಿಯ ಮುಂದೆ ನಿಂತು ದಿನವಿಡೀ ಕೈಯಾಡಿಸುವವರ ಶ್ರಮಕ್ಕೆ ನನ್ನ ದೊಡ್ಡ ನಮಸ್ಕಾರ.

ಕಾವಲಿ ತುಂಬಾ ಕಾದಾಗ ನೀರಿನ ಹನಿ ಆವಿಯಾಗದೆ ಕುಣಿದಾಡುವುದು ಯಾಕೆ?

ಬೆಣ್ಣೆ ದೋಸೆ ಹೋಟೆಲಿನಲ್ಲಿ ಕಾವಲಿಯ ಪಕ್ಕ ನಿಂತು ನೋಡಿ. ನೀರು ಚಿಮುಕಿಸಿದಾಗ ‘ಚುಂಯ್’ ಅಂದು ಹಾರಿಹೋದರೆ ಕಾವು ಹದ. ಹನಿಗಳು ಮುತ್ತಿನಂತೆ ಉರುಳಾಡಿದರೆ ಕಾವು ಮಿತಿಮೀರಿದೆ ಅಂತ ಭಟ್ಟರಿಗೆ ಗೊತ್ತು. ಹನಿಯ ತಳ ಆ ಕ್ಷಣಕ್ಕೇ ಆವಿಯಾಗಿ, ಹನಿ ಆ ಆವಿಯ ಹಾಸಿಗೆಯ ಮೇಲೆ ತೇಲುತ್ತದೆ. ಆವಿಯೂ ಗಾಳಿಯಂತೆ ಕಳಪೆ ವಾಹಕ. ಹದವಾಗಿ ಕಾದ ಕಾವಲಿಗಿಂತ ಮಿತಿಮೀರಿ ಕಾದ ಕಾವಲಿಯ ಮೇಲೆ ಹನಿ ಹೆಚ್ಚು ಹೊತ್ತು ಉಳಿಯುವ ವಿಚಿತ್ರ ಹೀಗೆ ಆಗುತ್ತದೆ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿ ಇದನ್ನು ವಿವರಿಸಿ ಬರೆದಿದ್ದರಿಂದ ಅವನ ಹೆಸರಿನಿಂದಲೇ ಕರೆಯುತ್ತಾರೆ.

ಬೋರ್‌ವೆಲ್ ನೀರು. ಗೀಸರ್ ಕಾಯಿಲಿಗೆ ಬಿಳಿ ಪೊರೆ ಕಟ್ಟುತ್ತದೆ. ಕರೆಂಟ್ ಬಿಲ್ ಅದರಿಂದಲೇ ಹೆಚ್ಚಾಗುತ್ತಿದೆಯೇ?

ಬಿಲ್ ಅಷ್ಟೇನೂ ಹೆಚ್ಚುವುದಿಲ್ಲ, ಹಾಳಾಗುವುದು ಕಾಯಿಲ್. 2,000 ವ್ಯಾಟ್ ಕಾಯಿಲ್ ನೀರಿನೊಳಗೆ ಮುಳುಗಿದೆ. ಅದರ ಶಾಖಕ್ಕೆ ಹೋಗಲು ಬೇರೆ ಜಾಗವಿಲ್ಲ, ಕೊನೆಗೆ ನೀರಿಗೇ ಬರಬೇಕು. ಆದರೆ ಪೊರೆಯನ್ನು ದಾಟಿಸಲು ಕಾಯಿಲ್ ಒಳಗೆ ಕಾವು ಏರುತ್ತದೆ. ಕಾಯಿಲಿನ ಮೈ 250 ಚದರ ಸೆಂಟಿಮೀಟರ್, ಪೊರೆ 1 ಮಿಲಿಮೀಟರ್, ಅದರ ವಾಹಕತೆ 1 ಅಂತ ಇಟ್ಟುಕೊಂಡರೆ ಕಾಯಿಲ್ 80 ಡಿಗ್ರಿ ಹೆಚ್ಚು ಬಿಸಿಯಾಗಿ ದುಡಿಯಬೇಕು. ಪೊರೆ 3 ಮಿಲಿಮೀಟರ್ ಆದರೆ 240. ಹಾಗಾಗಿ ಸುಡುತ್ತದೆ.

ಸೌದೆ ಒಲೆಯ ಹಂಡೆಯ ಲೆಕ್ಕ ಬೇರೆ. ಅಲ್ಲಿ ಪೊರೆ ಕಟ್ಟಿದರೆ ದಾಟಲಾರದ ಶಾಖ ಹೊಗೆಯ ಜೊತೆ ಹೊರಗೆ ಹೋಗುತ್ತದೆ, ಸೌದೆ ನಿಜವಾಗಿ ನಷ್ಟ. ವರ್ಷಕ್ಕೊಮ್ಮೆ ಗೀಸರ್ ಬಿಚ್ಚಿಸಿ ಪೊರೆ ತೆಗೆಸಿ.

ಕಂಬಳಿ ಬಿಸಿ ಕೊಡುತ್ತದೆಯೇ?

ಕೊಡುವುದಿಲ್ಲ, ನಿಮ್ಮದೇ ಬಿಸಿಯನ್ನು ಹೋಗಗೊಡುವುದಿಲ್ಲ. ಚಳ್ಳಕೆರೆ ಕಂಬಳಿಯ ಒರಟು ಉಣ್ಣೆ ಎಳೆಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಐಸ್ ಗಡ್ಡೆಗೆ ಕಂಬಳಿ ಹೊದಿಸಿದರೆ ಅದು ಬೇಗ ಕರಗುವುದಿಲ್ಲ, ನಿಧಾನವಾಗುತ್ತದೆ. ತೆಳುವಾದ ಎರಡು ಕಂಬಳಿ ಹೊದ್ದರೆ ನಡುವೆ ಇನ್ನೂ ಒಂದು ಗಾಳಿಯ ಪದರ ಸಿಗುತ್ತದೆ.

ಕೋಟೆಯ ಕಲ್ಲು ಮಧ್ಯಾಹ್ನ ಬರಿಗಾಲಿಗೆ ಸುಡುತ್ತದೆ, ಅದೇ ಬಿಸಿಲಲ್ಲಿದ್ದ ಮರದ ಹಲಗೆ ಅಷ್ಟು ಸುಡುವುದಿಲ್ಲ. ಯಾಕೆ?

ಎರಡರ ಉಷ್ಣಾಂಶ ಒಂದೇ ಇರಬಹುದು. ಅಂಗಾಲು ತಾಗಿದ ಕೂಡಲೇ ಹಲಗೆಯ ಮೇಲ್ಪದರ ತಣಿಯುತ್ತದೆ, ಒಳಗಿನಿಂದ ಬಿಸಿ ಬೇಗ ಬರುವುದಿಲ್ಲ. ಕಲ್ಲಿನಲ್ಲಿ ಬಿಸಿಯ ಸಂಗ್ರಹವೂ ಹೆಚ್ಚು, ಹರಿವೂ ಹೆಚ್ಚು, ಆದ್ದರಿಂದ ಅಂಗಾಲಿಗೆ ಬಿಡುವೇ ಕೊಡುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಚಿತ್ರದುರ್ಗದ ಕೋಟೆ ಹತ್ತುವವರು ಬೆಳಿಗ್ಗೆಯೇ ಹೋಗಿ.

ಗಾಳಿಯ ಸುಳಿವೇ ಇಲ್ಲದಂತೆ, ಅಣುವಿಗೆ ಅಣು ಅಂಟುವಂತೆ ಎರಡು ವಸ್ತು ಜೋಡಿಸಿದರೆ ತಡೆ ಸೊನ್ನೆಯಾಗುತ್ತದೆಯೇ?

ಆಗುವುದಿಲ್ಲ. ಈ ಉತ್ತರ ನನ್ನನ್ನು ಮೊದಲ ಸಲ ಓದಿದಾಗ ಬೆರಗುಗೊಳಿಸಿತ್ತು, ಈಗಲೂ ಪಾಠ ಮಾಡುವಾಗ ಅದೇ ಬೆರಗು. ರಷ್ಯಾದ ಪ್ಯೋತ್ರ್ ಕಪಿತ್ಸಾ 1941ರಲ್ಲಿ ದ್ರವ ಹೀಲಿಯಂನಲ್ಲಿ ಮುಳುಗಿಸಿದ ತಾಮ್ರದಿಂದ ಶಾಖ ಹರಿಸಿ ಅಳೆದರು. ದ್ರವ ಲೋಹಕ್ಕೆ ಪೂರ್ತಿ ಅಂಟಿಕೊಂಡಿರುತ್ತದೆ, ಸಂದಿ ಇರುವ ಮಾತೇ ಇಲ್ಲ. ಆದರೂ ಗಡಿಯಲ್ಲಿ ಉಷ್ಣಾಂಶ ಒಮ್ಮೆಗೇ ಜಿಗಿಯುವುದು ಕಂಡಿತು. ಆ ತಡೆಗೆ ಅವರ ಹೆಸರೇ ಉಳಿದಿದೆ. ಅತಿ ಶೀತದ ಭೌತಶಾಸ್ತ್ರದ ಕೆಲಸಕ್ಕಾಗಿ 1978ರಲ್ಲಿ ಅವರಿಗೆ ನೊಬೆಲ್ ಬಂತು.

ಯಾಕೆ ಹೀಗೆ? ಘನವಸ್ತುವಿನಲ್ಲಿ ಶಾಖ ಬಹುಪಾಲು ಅಣುಗಳ ನಡುಕವಾಗಿ, ಅಲೆಗಳಾಗಿ ಸಾಗುತ್ತದೆ. ಲೋಹಗಳಲ್ಲಿ ಎಲೆಕ್ಟ್ರಾನುಗಳು ಹೊತ್ತು ಸಾಗಿಸುತ್ತವೆ. ಕೋಟೆಯ ಗೋಡೆಗೆ ಎದುರಾಗಿ ಕೂಗಿದರೆ ದನಿ ಕಲ್ಲಿನೊಳಗೆ ಹೋಗದೆ ಮರಳಿ ಬರುತ್ತದಲ್ಲವೇ? ಗಾಳಿ ಮತ್ತು ಕಲ್ಲು ಮುಟ್ಟಿಕೊಂಡೇ ಇವೆ. ಒಂದರ ಅಲುಗಾಟ ಇನ್ನೊಂದಕ್ಕೆ ಹೊಂದುವುದಿಲ್ಲ, ಅಷ್ಟೇ. ಅದೇ ರೀತಿ ನಡುಕದ ಅಲೆ ಒಂದು ವಸ್ತುವಿನಿಂದ ಇನ್ನೊಂದರ ಗಡಿಗೆ ಬಂದಾಗ ಒಂದಷ್ಟು ದಾಟುತ್ತದೆ, ಒಂದಷ್ಟು ಹಿಂದಿರುಗುತ್ತದೆ. ಎರಡು ವಸ್ತುಗಳ ತೂಕ, ಬಿಗಿತ ಹೆಚ್ಚು ಬೇರೆಯಾದಷ್ಟೂ ಹಿಂದಿರುಗುವುದು ಹೆಚ್ಚು.

ನಿತ್ಯದ ಬದುಕಿನಲ್ಲಿ ಈ ತಡೆ ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಕೋಣೆಯ ಉಷ್ಣಾಂಶದಲ್ಲಿ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗ ದಪ್ಪದ ಗಾಜು ಒಡ್ಡುವಷ್ಟು. ನಿಮ್ಮ ತಾರಸಿಗೆ ಅದು ಇಲ್ಲದ್ದೇ ಸರಿ. ಆದರೆ ಫೋನಿನ ಚಿಪ್ಪಿನೊಳಗೆ ಪದರಗಳ ದಪ್ಪವೇ ಆ ಅಳತೆಯಲ್ಲಿರುತ್ತದೆ. ಅಲ್ಲಿ ಗಡಿಯ ತಡೆ ಪದರದ ತಡೆಗೆ ಸರಿಸಮ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ವಸ್ತು ಎಷ್ಟೇ ಒಳ್ಳೆಯದಿದ್ದರೂ, ಕೊನೆಗೆ ವಜ್ರವನ್ನೇ ಇಟ್ಟರೂ, ಗಡಿಯನ್ನು ಗೆಲ್ಲದೆ ಚಿಪ್ ತಂಪಾಗುವುದಿಲ್ಲ.

ಇದನ್ನೆಲ್ಲ ಮಕ್ಕಳಿಗೆ ಮನೆಯಲ್ಲೇ ತೋರಿಸಬಹುದೇ?

ತೋರಿಸಬಹುದು, ಖರ್ಚಿಲ್ಲ. ತಳ ಚಪ್ಪಟೆ ಇರುವ ಒಂದೇ ಬಗೆಯ ಎರಡು ಸ್ಟೀಲ್ ತಟ್ಟೆ ತೆಗೆದುಕೊಳ್ಳಿ. ಅಡುಗೆಮನೆಯ ಗ್ರಾನೈಟ್ ಕಟ್ಟೆಯನ್ನು ಚೆನ್ನಾಗಿ ಒರೆಸಿ ಒಂದು ತಟ್ಟೆಯನ್ನು ಹಾಗೇ ಇಡಿ. ಇನ್ನೊಂದು ತಟ್ಟೆ ಇಡುವ ಜಾಗಕ್ಕೆ ಒಂದೆರಡು ಚಮಚ ನೀರು ಹಾಕಿ, ತಟ್ಟೆಯನ್ನು ಅದರ ಮೇಲೆ ಒತ್ತಿ ಕೂರಿಸಿ. ಎರಡರಲ್ಲೂ ಒಂದೇ ಅಚ್ಚಿನ ಐಸ್ ಗಡ್ಡೆ ಇಡಿ. ಕಟ್ಟೆ ಒಂದೇ, ತಟ್ಟೆ ಒಂದೇ, ಐಸ್ ಒಂದೇ. ಯಾವುದು ಮೊದಲು ಕರಗುತ್ತದೆ ಅಂತ ಮೊದಲು ಮಕ್ಕಳೇ ಹೇಳಲಿ, ಆಮೇಲೆ ನೋಡಲಿ. ಕರಗಿದ ಮೇಲೆ ಎರಡೂ ತಟ್ಟೆ ಎತ್ತಿಸಿ, ಕೆಳಗಿನ ಕಲ್ಲನ್ನು ಅಂಗೈಯಿಂದ ಮುಟ್ಟಿಸಿ. ನೀರಿದ್ದ ಕಡೆ ಕಲ್ಲು ಎಷ್ಟು ತಣ್ಣಗಾಗಿದೆ ಅನ್ನುವುದು ಕೈಗೇ ಸಿಗುತ್ತದೆ.